ಹನ್ನೆರಡು ಗಂಟೆಯ ಖಾಲಿ ಕಾಲಂ

ಬಕೆಟ್ಟನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ನೀರು ತುಳುಕಿ ಸ್ಟೇಷನ್ ಡೈರಿಯ ಕಡೆ ಹರಿಯಿತು. ರೈಟರ್ ಡೈರಿಯನ್ನು ಸರಕ್ಕನೆ ಎತ್ತಿ ಎದೆಗವಚಿಕೊಂಡ.

"ಎಣಿಸ್ಕೊಳ್ಳಿ," ಎಂದ ಬಕೆಟ್ ತಂದವನು. ಇಸ್ತ್ರಿ ಮಾಡಿದ ಸಮವಸ್ತ್ರ, ಮೊಣಕಾಲಿನಿಂದ ಕೆಳಗೆ ಒದ್ದೆ.

"ಏನ್ ಸಾರ್ ಇದು?"

"ಮೊಟ್ಟೆ. ಮುನ್ನೂರ ಹನ್ನೆರಡು."

ರೈಟರ್ ಬಗ್ಗಿ ನೋಡಿದ. ಮರಳಿನ ಬಣ್ಣದ, ಕಂದು ಚುಕ್ಕೆಯ ಮೊಟ್ಟೆಗಳು, ಕೋಳಿಮೊಟ್ಟೆಗಿಂತ ಸಣ್ಣವು. ಒಂದೂ ಒಡೆದಿರಲಿಲ್ಲ. ಒಂದು ವರ್ಷದ ಇಡೀ ಹಕ್ಕಿ ಸಂತಾನ ಒಂದು ಬಕೆಟ್ಟಿಗೆ ಹಿಡಿಸಿತ್ತು.

ಇನ್ಸ್‌ಪೆಕ್ಟರ್ ಒಳಗಿನ ಕೋಣೆಯಿಂದ ಬಂದಳು. ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ದಿನದಿಂದ ಮೇಲಿನವರು ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: ನದಿ ಕಡೆ ಸ್ವಲ್ಪ ನೋಡ್ಕೊಳ್ಳಿ.

"ಇದನ್ನ ಯಾಕೆ ಎತ್ಕೊಂಡು ಬಂದ್ರಿ? ಬಿದ್ದಲ್ಲೇ ಬಿಡಬೇಕಿತ್ತು."

"ಬಿಟ್ಟಿದ್ರೆ ನರಿ ತಿನ್ನೋದು."

"ತಿಂದಿದ್ರೆ ನರಿ ಹೆಜ್ಜೆನಾದ್ರೂ ಸಿಗೋದು. ಈಗ ನಿಮ್ಮ ಬೂಟಿನ ಗುರುತು ಮಾತ್ರ ಸಿಗುತ್ತೆ. ಕೂತ್ಕೊಳ್ಳಿ."

ಆತ ವನ್ಯಜೀವಿ ಅಧಿಕಾರಿ. ದೂರನ್ನು ನಿಂತೇ ಹೇಳಿದ, ರೈಟರ್ ಬರೆದುಕೊಂಡ. ಬ್ಯಾರೇಜಿನಿಂದ ಒಂದು ಮೈಲು ಕೆಳಗೆ, ನದಿಯ ನಡುವೆ ಮರಳುದಿಬ್ಬ. ಪ್ರತಿ ವರ್ಷ ಅಲ್ಲಿ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಗೂಡು ಕಟ್ಟುವ ಜಾತಿಯಲ್ಲ. ಮರಳಲ್ಲಿ ಒಂದು ಗುಣಿ ಮಾಡಿ ಎರಡೋ ಮೂರೋ ಇಟ್ಟು ಕಾವು ಕೂರುತ್ತವೆ. ಇದೇ ಇಪ್ಪತ್ತೆಂಟನೇ ತಾರೀಖು ಆ ಜಾಗಕ್ಕೆ 'ರಕ್ಷಿತ ನದಿ ವಲಯ' ಎಂದು ಹೆಸರಿಟ್ಟು ಉದ್ಘಾಟನೆ. ದೊಡ್ಡವರು ಲಾಂಚಿನಲ್ಲಿ ಬಂದು ಹಕ್ಕಿ ನೋಡುವವರಿದ್ದರು. ಈ ದಿನ ಹನ್ನೊಂದೂವರೆಗೇ ಇಬ್ಬರು ಕಾವಲುಗಾರರು ಊಟಕ್ಕೆ ಹೋದರು. ವಾಪಸು ಬಂದಾಗ ದಿಬ್ಬ ಒದ್ದೆ, ಗುಣಿ ಖಾಲಿ.

"ಎಷ್ಟೊತ್ತಿಗೆ ವಾಪಸ್ ಬಂದ್ರು?"

"ಎರಡಕ್ಕೆ ಬರಬೇಕು."

"ಎಷ್ಟೊತ್ತಿಗೆ ಬಂದ್ರು?"

"ನಾಲ್ಕಕ್ಕೆ."

"ಊಟ ಜೋರಾಗಿತ್ತು," ಎಂದ ರೈಟರ್, ತಲೆ ಎತ್ತದೆ.

"ಯಾರ ಮೇಲೆ ಅನುಮಾನ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

"ಅನುಮಾನ ಅಲ್ಲ, ಖಾತ್ರಿ. ಲಾರಿ ಮಾಮ. ವಲಯ ಆದ್ರೆ ಅವನ ಮರಳು ದಂಧೆ ನಿಲ್ಲುತ್ತೆ. ಮೊಟ್ಟೆ ಇಲ್ಲ ಅಂದ್ರೆ ಹಕ್ಕಿ ಇಲ್ಲ, ಹಕ್ಕಿ ಇಲ್ಲ ಅಂದ್ರೆ ವಲಯ ಎಲ್ಲಿಂದ?"

ಮಾರ್ಚ್ 3, ಸಂಜೆ 5.50. ರಕ್ಷಿತ ಹಕ್ಕಿಗಳ ಮೊಟ್ಟೆ ನಾಶಪಡಿಸಿದ ಆರೋಪದ ಮೇಲೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಬಕೆಟ್ ಜಪ್ತಿಯಾಯಿತು. ಅದನ್ನು ಎಲ್ಲಿಡುವುದೆಂದು ಯಾರಿಗೂ ಗೊತ್ತಾಗದೆ, ಕೊನೆಗೆ ಲಾಕಪ್ಪಿನಲ್ಲೇ ಇಟ್ಟು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ 7.30ಕ್ಕೆ ಸ್ಥಳ ಪಂಚನಾಮೆ. ನೀರು ತೊಡೆಮಟ್ಟ. ರೈಟರ್ ಪ್ಯಾಂಟು ಮಡಚಿ, ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ದಿಬ್ಬಕ್ಕೆ ನಡೆದ. ಇಪ್ಪತ್ತೆರಡು ವರ್ಷ ಸರ್ವೀಸಿನಲ್ಲಿ ಅವನು ಅಳೆದದ್ದು ಹೆಣಕ್ಕೂ ಬಾವಿಗೂ ನಡುವಿನ ದೂರ, ಬಸ್ಸಿಗೂ ಸೈಕಲ್ಲಿಗೂ ನಡುವಿನ ದೂರ. ಗುಣಿಯಿಂದ ಮೊಟ್ಟೆಗೆ ಎಷ್ಟು ದೂರ ಎಂದು ಅಳೆದಿರಲಿಲ್ಲ.

ಹಕ್ಕಿಗಳು ಇನ್ನೂ ಹೋಗಿರಲಿಲ್ಲ. ಹಳದಿ ಕೊಕ್ಕು, ಕಪ್ಪು ನೆತ್ತಿ, ಬೂದು ರೆಕ್ಕೆ. ಖಾಲಿ ಗುಣಿಗಳ ಮೇಲೆ ಇಳಿಯುವುದು, ಏಳುವುದು, ಕಿರುಚುವುದು. ಒಂದು ಹಕ್ಕಿ ಖಾಲಿ ಗುಣಿಯಲ್ಲೇ ಕಾವು ಕೂತಿತ್ತು.

ಕಾವಲುಗಾರರು ಮೊಟ್ಟೆ ಸಿಕ್ಕ ಜಾಗ ತೋರಿಸಿದರು. ಎಲ್ಲವೂ ದಿಬ್ಬದ ಕೆಳಗಿನ ಮಗ್ಗುಲಲ್ಲಿ, ಒಂದು ತಗ್ಗಿನಲ್ಲಿ, ಪೊರಕೆಯಿಂದ ಗುಡಿಸಿ ಒಟ್ಟಿದ ಹಾಗೆ ಬಿದ್ದಿದ್ದವಂತೆ. ಟೈರಿನ ಗುರುತಿಲ್ಲ. ಇನ್ಸ್‌ಪೆಕ್ಟರ್ ದಿಬ್ಬದ ಸುತ್ತ ಎರಡು ಸಲ ನಡೆದಳು. ದಿಬ್ಬದ ನೆತ್ತಿಯಲ್ಲಿ ಒಂದು ಕಲ್ಲು. ಆ ಕಲ್ಲಿಗೆ, ಮರಳಿನಿಂದ ಮೂರು ಬೆರಳು ಮೇಲೆ, ಕಡ್ಡಿಕಸದ ಒಂದು ತೆಳುವಾದ ಗೆರೆ ಅಂಟಿತ್ತು.

"ನೆತ್ತಿ ಮೇಲೆ ಮೂರಂಗುಲ ನೀರು ನಿಂತಿದೆ. ಲಾರಿಯವರ ಕೆಲಸ ಅಲ್ಲ ಇದು, ನೀರಿನ ಕೆಲಸ."

"ಹಾಗಾದ್ರೆ ನದಿ ಮೇಲೇ ಚಾರ್ಜ್‌ಶೀಟ್ ಹಾಕೋಣ್ವಾ ಮೇಡಂ?" ಎಂದ ರೈಟರ್. "ಕೈಕೋಳ ಹಾಕೋದೆಲ್ಲಿಗೆ?"

ಅವಳು ನಗಲಿಲ್ಲ. ಬ್ಯಾರೇಜಿನ ಕಡೆ ನೋಡುತ್ತಿದ್ದಳು.

ಬ್ಯಾರೇಜು ಹಳೆಯದು. ಎಂಟು ಗೇಟು, ಪ್ರತಿ ಗೇಟಿಗೂ ಕೈಯಲ್ಲಿ ತಿರುಗಿಸುವ ತಿರುಗಣೆ. ತುದಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಗೋಡೆಯಲ್ಲಿ ಕಳೆದ ಮಳೆಗಾಲದ ನೀರು ಇಳಿದ ಕಂದು ನಕ್ಷೆ. ಗೇಟಿನವನು ಹೊರಗೆ ಕೂತು ತಿರುಗಣೆಯ ಹಲ್ಲಿಗೆ ಗ್ರೀಸು ಹಚ್ಚುತ್ತಿದ್ದ. ಐವತ್ತೆರಡು ವರ್ಷ. ಕುಳ್ಳು. ನದಿಯುದ್ದಕ್ಕೂ ಅವನನ್ನು ಕರೆಯುತ್ತಿದ್ದುದು ಮೂರಡಿ ಎಂದು. ಯಾರು ಏನು ಕೇಳಿದರೂ ಮೊದಲು ಆ ದಿನದ ನೀರಿನ ಮಟ್ಟ ಹೇಳುವ ಅಭ್ಯಾಸ ಅವನಿಗೆ.

"ಎರಡಡಿ ಒಂದಂಗುಲ," ಎಂದ, ಪೊಲೀಸರನ್ನು ನೋಡಿ.

"ನಿನ್ನೆ ಗೇಟು ಎತ್ತಿದ್ರಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

"ಆರ್ಡರ್ ಇಲ್ಲ ಮೇಡಂ. ಆರ್ಡರ್ ಇಲ್ದೆ ಗೇಟು ಎತ್ತಂಗಿಲ್ಲ."

"ರಿಜಿಸ್ಟರ್ ತೋರಿಸಿ."

"ಕಚೇರಿಯಿಂದ ಕಾಗದ ತನ್ನಿ, ತೋರಿಸ್ತೀನಿ."

"ಪೊಲೀಸಿಗೂ ಕಾಗದ ಬೇಕೇನಯ್ಯಾ?" ಎಂದ ರೈಟರ್.

"ನಾನು ಮಾಡಿದ ರೂಲ್ಸ್ ಅಲ್ಲ ಸಾರ್."

ಅದೇ ದಿನ ಇನ್ಸ್‌ಪೆಕ್ಟರ್ ನೀರಾವರಿ ಕಚೇರಿಗೆ ಪತ್ರ ಬರೆದಳು. ಇಂಜಿನಿಯರ್ ಫೋನಿನಲ್ಲಿ, ಮೇಲಿನ ವಿದ್ಯುತ್ ಘಟಕದವರು ನೀರು ಬಿಟ್ಟಿರಬಹುದು ಎಂದ. ಅಲ್ಲಿಗೂ ಒಂದು ಪತ್ರ ಹೋಯಿತು. ಪತ್ರ ಹೋದ ಮೇಲೆ ಕಾಯುವುದು. ಕಾಯುವ ದಿನಗಳನ್ನು ಖಾಲಿ ಬಿಡಬಾರದೆಂದು ಮೇಲಿನವರಿಂದ ಫೋನು ಬಂತು: ಲಾರಿ ಮಾಮನನ್ನು ವಿಚಾರಿಸಿ.

ಮಾರ್ಚ್ 6, ಬೆಳಿಗ್ಗೆ 10.15. ಲಾರಿ ಮಾಮ ತಾನಾಗಿಯೇ ಬಂದು ಬೆಂಚಿನ ಮೇಲೆ ಕೂತಿದ್ದ.

"ಮೂರನೇ ತಾರೀಖು ಮಧ್ಯಾಹ್ನ ನಿಮ್ಮ ಲಾರಿ ಎಲ್ಲಿತ್ತು?"

"ನಿಮ್ಮ ಸ್ಟೇಷನ್ ಹಿಂದೆ."

"ಅಂದ್ರೆ?"

"ಫೆಬ್ರವರಿ ಇಪ್ಪತ್ತೇಳಕ್ಕೆ ನೀವೇ ಜಪ್ತಿ ಮಾಡಿದ್ರಲ್ಲ ಮೇಡಂ. ಎದ್ದು ಕಿಟಕಿಯಿಂದ ನೋಡಿ, ಕಾಣುತ್ತೆ. ಒಂದು ಟೈರಿನ ಗಾಳೀನೂ ಹೋಗಿದೆ."

ರೈಟರ್ ಕೆಮ್ಮಿದ.

"ನೋಡಿ," ಎಂದ ಲಾರಿ ಮಾಮ, "ನಾನು ಮರಳು ಕದಿಯೋನು. ಊರಿಗೇ ಗೊತ್ತು. ಮೊಟ್ಟೆ ಯಾಕೆ ಮುಟ್ಟಲಿ? ಹಕ್ಕಿ ಇದ್ದಷ್ಟು ದಿನ ಕಾವಲಿನವರೆಲ್ಲ ದಿಬ್ಬದ ಹತ್ರ ಇರ್ತಾರೆ. ಉಳಿದ ನದಿ ಪೂರ್ತಿ ನಂದೇ. ಹಕ್ಕಿ ನನ್ನ ಪಾಲಿನ ದೇವ್ರು."

ಅದನ್ನು ಹೇಳಿಕೆಯಲ್ಲಿ ಬರೆಯುವುದೋ ಬೇಡವೋ ಎಂದು ರೈಟರ್ ಕೇಳಿದ. ಬರಿ ಎಂದಳು.

ಮುಂದಿನ ನಾಲ್ಕು ದಿನ ಕಾನ್‌ಸ್ಟೇಬಲ್‌ಗಳು ದಡದ ಮೂವತ್ತೊಂದು ಮನೆಗಳಿಗೆ ಹೋದರು. ಆ ದಿನ ಲಾರಿ ನೋಡಿದಿರಾ? ಇಲ್ಲ. ಅಪರಿಚಿತರನ್ನು? ಇಲ್ಲ. ವಿದ್ಯುತ್ ಘಟಕದಿಂದ ಉತ್ತರ ಬಂತು: ಆ ದಿನ ನೀರು ಬಿಟ್ಟಿಲ್ಲ. ನೀರಾವರಿ ಕಚೇರಿಯಿಂದ ಏನೂ ಬರಲಿಲ್ಲ.

ಲಾಕಪ್ಪಿನಲ್ಲಿದ್ದ ಬಕೆಟ್ ನಾಲ್ಕನೇ ದಿನಕ್ಕೇ ನಾರಲು ಶುರುವಾಗಿತ್ತು. ಮಾದರಿಗೆ ಹತ್ತು ಇಟ್ಟುಕೊಂಡು ಉಳಿದವನ್ನು ಪಂಚರ ಎದುರು ಹೂಳಿದರು. ಗುಂಡಿ ತೋಡಿದ ಕಾನ್‌ಸ್ಟೇಬಲ್, ಮಣ್ಣು ಮುಚ್ಚುವಾಗ ಟೋಪಿ ತೆಗೆದ. ತೆಗೆದದ್ದು ಯಾಕೆಂದು ಅವನಿಗೇ ತಿಳಿಯದೆ ಮತ್ತೆ ಹಾಕಿಕೊಂಡ.

ಮಾರ್ಚ್ 11. ಬೆಳಿಗ್ಗೆ ಒಂಬತ್ತಕ್ಕೆ ನೀರಾವರಿ ಕಚೇರಿಯ ಅನುಮತಿ ಪತ್ರ ಕೊನೆಗೂ ಬಂತು. ಜೀಪು ಬ್ಯಾರೇಜಿನ ಕಡೆ ಹೊರಟಿತು. ದಾರಿಯಲ್ಲಿ ನದಿಗೆ ಇಳಿಯುವ ಮೆಟ್ಟಿಲ ಬಳಿ ಇನ್ಸ್‌ಪೆಕ್ಟರ್ ಗಾಡಿ ನಿಲ್ಲಿಸಲು ಹೇಳಿದಳು. ಕೆಳಗೆ ಒಬ್ಬಳು ಹೆಂಗಸು ಬಿಳಿ ಹಾಸುಬಟ್ಟೆಗಳನ್ನು ಕಲ್ಲಿಗೆ ಒಗೆಯುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಕಬ್ಬಿಣದಂಥ ತೋಳು.

"ಇವರನ್ನ ವಿಚಾರಿಸಿದ್ರಾ?"

"ಮನೆಗಳಿಗೆ ಹೋಗಿದ್ವಿ ಮೇಡಂ," ಎಂದ ರೈಟರ್. "ಮೆಟ್ಟಿಲಿಗೆ ಹೋಗಿಲ್ಲ."

ಇನ್ಸ್‌ಪೆಕ್ಟರ್ ಇಳಿದು ಹೋದಳು.

"ದಿನಾ ಇಲ್ಲೇ ಒಗೀತೀರಾ?"

"ಇನ್ನೆಲ್ಲಿ ತಾಯಿ? ಲಾಡ್ಜಿಂದು. ದಿನಕ್ಕೆ ನಲವತ್ತು ಹಾಸುಬಟ್ಟೆ. ಯಾರ್ಯಾರೋ ಮಲಗಿದ್ದು, ಏನೇನೋ ಮಾಡಿದ್ದು. ಕಣ್ಮುಚ್ಕೊಂಡು ಒಗೀಬೇಕು."

"ಮೂರನೇ ತಾರೀಖು ಮಧ್ಯಾಹ್ನ?"

"ಇದ್ದೆ."

"ಆವತ್ತು ನೀರು ಏರಿತಾ?"

"ಏರಿತು. ಬುಟ್ಟಿ ಎತ್ಕೊಂಡು ಮೂರು ಮೆಟ್ಟಿಲು ಮೇಲೆ ಬಂದೆ."

"ಏರುತ್ತೆ ಅಂತ ಹೇಗೆ ಗೊತ್ತಾಯ್ತು?"

"ಸೈರನ್ ಆಯ್ತಲ್ಲ."

ರೈಟರ್ ಜೇಬಿನಿಂದ ಪುಸ್ತಕ ತೆಗೆದ.

"ಸೈರನ್ ಆಗಿದ್ದು ಯಾರಿಗೂ ಕೇಳಿಸ್ಲಿಲ್ವಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು. "ಒಂದು ಮನೆಯವರೂ ಹೇಳಲಿಲ್ಲ."

"ನಿಮ್ಮ ಹುಡುಗರು ಕೇಳಿದ್ದು ಲಾರಿ ಬಗ್ಗೆ ಅಂತೆ. ಸೈರನ್ ಏನು ಹೊಸ್ದಾ? ವರ್ಷದಲ್ಲಿ ನೂರು ಸಲ ಆಗುತ್ತೆ."

"ಸೈರನ್ ಹಾಕೋರು ಯಾರು?"

"ನನ್ನ ತಮ್ಮ. ಗೇಟಿನೋನು, ಮೂರಡಿ ಅಂತಾರಲ್ಲ, ಅವನೇ." ಅವಳು ಬಟ್ಟೆ ಹಿಂಡಿ ಬುಟ್ಟಿಗೆ ಹಾಕಿದಳು. ಮುಖದಲ್ಲಿ ಹೆಮ್ಮೆ. "ಅವನಿಗಿಂತ ಮುಂಚೆ ಇದ್ದೋನು ಹೇಳದೆ ಕೇಳದೆ ಎತ್ತಿಬಿಡೋನು. ಎರಡು ದನ ಕೊಚ್ಕೊಂಡು ಹೋದ್ವು. ಇವನು ಬಂದ ಮೇಲೆ ಒಂದು ಚೊಂಬು ಕೂಡ ಹೋಗಿಲ್ಲ. ಪ್ರಾಣ ಹೋದ್ರೂ ಸೈರನ್ ಹಾಕ್ದೆ ಗೇಟು ಮುಟ್ಟಲ್ಲ. ಮೂರು ಸಲ ಕೂಗಿಸ್ತಾನೆ, ಹತ್ತು ನಿಮಿಷ ಕಾಯ್ತಾನೆ, ಆಮೇಲೇ ತಿರುಗಣೆಗೆ ಕೈ."

"ಮೂರನೇ ತಾರೀಖು ಮೂರು ಸಲ ಆಯ್ತಾ?"

"ಮೂರು ಸಲ. ಎಣಿಸ್ತೀನಿ ನಾನು."

ರೈಟರ್‌ನ ಪೆನ್ನು ನಿಂತಿತು. ಅವಳ ಕಣ್ಣು ಪೆನ್ನಿನ ಮೇಲಿತ್ತು. ಪೆನ್ನು ನಿಂತದ್ದನ್ನು ನೋಡಿದಳು, ಇನ್ಸ್‌ಪೆಕ್ಟರ್ ಮುಖ ನೋಡಿದಳು.

"ಯಾಕೆ ತಾಯಿ? ಏನಾಯ್ತು? ನಾನೇನಂದೆ?"

ರೈಟರ್ ಶಾಯಿ ಪ್ಯಾಡು ತೆಗೆದ. ಹೇಳಿಕೆಗೆ ಹೆಬ್ಬೆಟ್ಟು ಬೇಕಾಗಿತ್ತು. ನೀರಲ್ಲಿ ನೆನೆದು ಸುಕ್ಕಾದ ಬೆರಳು ಸರಿಯಾಗಿ ಮೂಡಲಿಲ್ಲ. ಎರಡು ಸಲ ಒತ್ತಿಸಬೇಕಾಯಿತು.

10.40, ಬ್ಯಾರೇಜಿನ ಕ್ವಾರ್ಟರ್ಸು. ರಿಜಿಸ್ಟರ್ ದಪ್ಪ ರಟ್ಟಿನದು. ದಿನಕ್ಕೆ ಮೂರು ಅಳತೆ: ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ನೀಲಿ ಶಾಯಿ, ಮಗ್ಗಿ ಪುಸ್ತಕದಂತಹ ಅಕ್ಷರ. ಇನ್ಸ್‌ಪೆಕ್ಟರ್ ಮಾರ್ಚ್ ಪುಟ ತೆಗೆದಳು. 3ನೇ ತಾರೀಖು, ಬೆಳಿಗ್ಗೆ: ಎರಡಡಿ. ಸಂಜೆ: ಎರಡಡಿ ಎರಡಂಗುಲ. ನಡುವಿನ ಕಾಲಂ ಖಾಲಿ.

ಅವಳು ಹಿಂದಿನ ಪುಟಗಳನ್ನು ತಿರುಗಿಸಿದಳು. ಫೆಬ್ರವರಿ. ಜನವರಿ. ಹಿಂದಿನ ವರ್ಷದ ಪುಸ್ತಕ ತರಿಸಿದಳು, ಅದರ ಹಿಂದಿನದು ತರಿಸಿದಳು. ಒಂದು ಕಾಲಮ್ಮೂ ಖಾಲಿ ಇರಲಿಲ್ಲ.

"ಇದೊಂದು ಯಾಕೆ ಬಿಟ್ರಿ?"

ಗೇಟಿನವನು ಗೋಡೆಗೆ ಒರಗಿ ನಿಂತಿದ್ದ.

"ಸುಳ್ಳು ಬರೆಯೋಕೆ ಆಗಲಿಲ್ಲ."

"ನಿಜ ಬರೀಬಹುದಿತ್ತು."

"ಬರೆದಿದ್ರೆ ನೀವು ನಾಲ್ಕನೇ ತಾರೀಖೇ ಕರ್ಕೊಂಡು ಹೋಗ್ತಿದ್ರಿ. ನನಗೆ ಸ್ವಲ್ಪ ದಿನ ಬೇಕಿತ್ತು."

ರೈಟರ್ ಕುರ್ಚಿ ಎಳೆದು ಅವನ ಮುಂದಿಟ್ಟ. ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿ ತೆಗೆದು ಓದಿದಳು: "ಮಾರ್ಚ್ ಮೂರರಂದು ಮರಳುದಿಬ್ಬದಲ್ಲಿ ರೀವ ಹಕ್ಕಿಯ ಮುನ್ನೂರ ಹನ್ನೆರಡು ಮೊಟ್ಟೆಗಳು..."

"ಹದಿನೇಳು," ಎಂದ ಅವನು.

"ಏನು?"

"ಮುನ್ನೂರ ಹದಿನೇಳು. ಅವರು ಆರಿಸ್ಕೊಂಡಿದ್ದು ಹನ್ನೆರಡು ಇರಬೇಕು. ಐದು ಕೆಳಗೆ ಹೋಗಿದೆ. ಎರಡನೇ ತಾರೀಖು ಸಂಜೆ ನಾನೇ ಎಣಿಸಿದ್ದೆ. ನೂರ ಇಪ್ಪತ್ತೊಂದು ಗುಣಿ."

ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿಯನ್ನು ಮಡಚಿ ಕೆಳಗಿಟ್ಟಳು.

"ನೀವೇ ಎತ್ತಿದ್ರಾ?"

"ನಾನೇ. ಐದು ಮತ್ತು ಆರನೇ ಗೇಟು. ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗಿಂದ, ಒಂದೂಕಾಲು ಗಂಟೆ."

"ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಅದೇ ತೊಂದರೆ. ಯಾರೂ ಏನೂ ಹೇಳಲಿಲ್ಲ."

ಅವನು ಹೇಳಿದ್ದನ್ನು ರೈಟರ್ ಮೂರು ಪುಟ ಬರೆದುಕೊಂಡ. ಫೆಬ್ರವರಿ 10ರಂದು ಗೇಟಿಗೆ ಆದೇಶ ಬಂದಿತ್ತು: ಮಾರ್ಚ್ 28ರಂದು ಉದ್ಘಾಟನೆಯ ಲಾಂಚ್ ಓಡಲು ಬ್ಯಾರೇಜಿನ ಕೆಳಗೆ ಐದಡಿ ನೀರು ನಿಲ್ಲಿಸತಕ್ಕದ್ದು. ದಿಬ್ಬದ ನೆತ್ತಿ ನಾಲ್ಕಡಿ. ಮೊಟ್ಟೆ ಇಟ್ಟಿದ್ದು ಫೆಬ್ರವರಿ ಕೊನೆಗೆ, ಮೊಟ್ಟೆಯೊಡೆದು ಮರಿ ಬರುವುದು ಮಾರ್ಚ್ ಇಪ್ಪತ್ತರ ಸುಮಾರಿಗೆ.

"ಇಪ್ಪತ್ತೆಂಟಕ್ಕೆ ಮರಿಗೆ ಎಂಟು ದಿನ," ಎಂದ. "ಓಡೋಕೆ ಬರುತ್ತೆ, ಹಾರೋಕೆ ಬರಲ್ಲ. ಹಕ್ಕಿ ನೋಡೋಕೆ ಬರೋ ಲಾಂಚಿಗೆ ಅಂತ ಬಿಟ್ಟ ನೀರಲ್ಲಿ ಹಕ್ಕಿ ಮರಿ ಮುಳುಗೋದು. ಮೊಟ್ಟೆ ಹೋದ್ರೆ ಹಕ್ಕಿ ಇನ್ನೊಂದ್ಸಲ ಇಡುತ್ತೆ ಮೇಡಂ. ಮರಿ ಹೋದ್ರೆ ಇಡಲ್ಲ, ಆ ವರ್ಷ ಮುಗೀತು. ಎರಡನ್ನೂ ನೋಡಿದೀನಿ ನಾನು. ಏಳು ವರ್ಷದ ಹಿಂದೆ ಮೊಟ್ಟೆ ಹೋದಾಗ, ಹನ್ನೆರಡು ದಿನಕ್ಕೆ ಅಲ್ಲಿ, ನದಿ ನಡುವಿನ ಕಲ್ಲುಗಡ್ಡೆ ಮೇಲೆ ಇಟ್ವು. ಅದರ ನೆತ್ತಿ ಆರಡಿ. ಐದಡಿ ನೀರು ನಿಂತ್ರೂ ಮುಳುಗಲ್ಲ."

"ಅಂದ್ರೆ ಉಳಿಸೋಕೆ ಅಂತ ಕೊಂದ್ರಿ."

"ಹಾಗೇ ಬರ್ಕೊಳ್ಳಿ."

"ಯಾರಿಗಾದ್ರೂ ಹೇಳಬಹುದಿತ್ತಲ್ಲ? ಬಾಯಿರಲಿಲ್ವಾ?"

ಅವನು ಎದ್ದು, ಗೋಡೆಯ ಗೂಡಿನಿಂದ ಒಂದು ತಗಡಿನ ಡಬ್ಬಿ ತೆಗೆದ. ಅದರಲ್ಲಿ ಮೂರು ಸ್ವೀಕೃತಿ ಚೀಟಿಗಳು. ಫೆಬ್ರವರಿ 12. ಫೆಬ್ರವರಿ 20. ಫೆಬ್ರವರಿ 27.

"ಕಾಗದ ಬರೆದೆ. ಒಂದು ತಿಂಗಳು ಮುಂದಕ್ಕೆ ಹಾಕಿ, ಅಷ್ಟೇ ಅಂದೆ. ಬೇಡ ಅಂತಾದ್ರೂ ಒಂದು ಉತ್ತರ ಬರುತ್ತೆ ಅಂತ ಕಾದೆ. ಹಕ್ಕಿ ಕಾವು ಕೂತ್ವು. ಇನ್ನು ಕಾಯೋಕೆ ಟೈಮಿರಲಿಲ್ಲ." ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆದು ಮಾಡಿದ. "ನೀರು ಏರ್ತಿದ್ದಾಗ ಹಕ್ಕಿಗಳೆಲ್ಲ ಎದ್ದು ಬ್ಯಾರೇಜಿನ ಮೇಲೇ ಬಂದ್ವು. ನನ್ನ ತಲೆ ಮೇಲೆ ಸುತ್ತಿ ಸುತ್ತಿ ಕೂಗಿದ್ವು. ಯಾರು ಮಾಡಿದ್ದು ಅಂತ ಅವಕ್ಕೆ ಗೊತ್ತಿತ್ತು."

"ಸೈರನ್ ಯಾಕೆ ಹಾಕಿದಿರಿ?" ಎಂದು ರೈಟರ್ ಕೇಳಿದ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. "ಹಾಕದೇ ಇದ್ದಿದ್ರೆ ನಾವು ಇವತ್ತಿಗೂ ಲಾರಿ ಹಿಂದೆ ಸುತ್ತುತಾ ಇರ್ತಿದ್ವಿ."

ಗೇಟಿನವನು ಅವನನ್ನೇ ನೋಡಿದ, ಪ್ರಶ್ನೆ ಅರ್ಥವಾಗದ ಹಾಗೆ.

"ಕೆಳಗೆ ಅಕ್ಕ ಬಟ್ಟೆ ಒಗೀತಿರ್ತಾಳೆ ಸಾರ್."

ಗಡಿಯಾರದಲ್ಲಿ ಹನ್ನೆರಡಾಗುತ್ತಿತ್ತು. ಒಂದು ನಿಮಿಷ ಎಂದು ಹೇಳಿ ಅವನು ಹೊರಗೆ ಹೋದ. ಕಾನ್‌ಸ್ಟೇಬಲ್ ಹಿಂದೆಯೇ ಹೊರಟ, ಇನ್ಸ್‌ಪೆಕ್ಟರ್ ತಡೆದಳು. ಅವನು ಅಳತೆಪಟ್ಟಿ ನೋಡಿಕೊಂಡು ಬಂದು, ರಿಜಿಸ್ಟರಿನಲ್ಲಿ ಎರಡಡಿ ಒಂದಂಗುಲ ಎಂದು ಬರೆದು, ಶಾಯಿ ಆರಲು ಊದಿ, ಕೈಗಳನ್ನು ಮುಂದೆ ಚಾಚಿದ. 12.10ಕ್ಕೆ ದಸ್ತಗಿರಿ.

"ಹನ್ನೊಂದು ಗುಣಿ," ಎಂದ ಜೀಪು ಹತ್ತುವಾಗ, ಯಾರಿಗೆಂದು ಹೇಳದೆ. "ನಿನ್ನೆಗೆ. ಕಲ್ಲುಗಡ್ಡೆ ಮೇಲೆ. ಎರಡರಲ್ಲಿ ಮೊಟ್ಟೆ."

ನೀರಾವರಿ ಕಚೇರಿಯ ಟಪಾಲು ಗುಮಾಸ್ತೆ ಮಧ್ಯಾಹ್ನ ಮೂರಕ್ಕೆ ಕಪಾಟಿನಿಂದ ಒಂದು ಕಟ್ಟು ತೆಗೆದಳು. ದಾರ ಬಿಚ್ಚಿದಳು. ಮೂರು ಲಕೋಟೆಗಳೂ ಇದ್ದವು. ಮೂರಕ್ಕೂ ದಿನಾಂಕದ ಮೊಹರು ಬಿದ್ದಿತ್ತು, ಮೂರರ ಮೇಲೂ 'ಕಡತಕ್ಕೆ' ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಮೂರರ ಅಂಟೂ ಹಾಗೇ ಇತ್ತು.

"ಒಡೆದೇ ಇಲ್ಲ," ಎಂದಳು ಇನ್ಸ್‌ಪೆಕ್ಟರ್.

"ಗೇಟಿನವರ ಅರ್ಜಿ ಅಂದ್ರೆ ಕ್ವಾರ್ಟರ್ಸ್ ಸೋರುತ್ತೆ ಅಂತಾನೇ ಇರುತ್ತೆ ಮೇಡಂ. ಓದೋದೇನಿದೆ?"

"ಸೋರುತ್ತೆ ಅಂತ ಬಂದ ಅರ್ಜಿ ಏನ್ಮಾಡ್ತೀರಿ?"

"ಅದೂ ಕಡತಕ್ಕೇ."

ಪಂಚರ ಎದುರು ಲಕೋಟೆ ಒಡೆದರು. ಒಳಗೆ ಒಂದೊಂದು ಹಾಳೆ. ನದಿಯ ಅಡ್ಡಸೀಳು ಚಿತ್ರ, ಸ್ಕೇಲಿಟ್ಟು ಗೀಚಿದ್ದು. ನೀರಿನ ಗೆರೆ, ದಿಬ್ಬದ ನೆತ್ತಿ, ಕಲ್ಲುಗಡ್ಡೆಯ ನೆತ್ತಿ, ಎಲ್ಲಕ್ಕೂ ಅಡಿ ಅಂಗುಲ. ದಿಬ್ಬದ ಮೇಲೆ ಗುಣಿಗೊಂದರಂತೆ ಪೆನ್ನಿನಿಂದ ಸಣ್ಣ ಸಣ್ಣ ಚುಕ್ಕೆ. ಮೂರನೇ ಹಾಳೆಯಲ್ಲಿ ಚುಕ್ಕೆಗಳು ಮೊದಲನೆಯದಕ್ಕಿಂತ ಹೆಚ್ಚಿದ್ದವು. ಕೆಳಗೆ ಒಂದೇ ವಾಕ್ಯ ಬೇರೆಯಾಗಿತ್ತು: ದಯವಿಟ್ಟು ಯಾರಾದರೂ ಒಮ್ಮೆ ಬಂದು ಅಳೆದು ನೋಡಬೇಕಾಗಿ ವಿನಂತಿ.

ರೈಟರ್ ಹಾಳೆಗಳಿಗೆ ಗುರುತು ಸಂಖ್ಯೆ ಹಾಕಿದ. ವಾಪಸು ಬರುವಾಗ ಅವನು ಒಂದೂ ಹಾಸ್ಯ ಮಾಡಲಿಲ್ಲ.

ಮಾರ್ಚ್ 12, ಬೆಳಿಗ್ಗೆ 8.45. ಹನ್ನೊಂದಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಅಷ್ಟರಲ್ಲಿ ವನ್ಯಜೀವಿ ಅಧಿಕಾರಿಯೂ ಇಂಜಿನಿಯರೂ ಒಂದೇ ಕಾರಿನಲ್ಲಿ ಬಂದು ಇಳಿದರು. ಇಬ್ಬರೂ ಒಟ್ಟಿಗೆ ಕಾಣಿಸಿಕೊಂಡಿದ್ದು ಅದೇ ಮೊದಲು.

ಅಧಿಕಾರಿಯ ಮುಖ ಗೆಲುವಾಗಿತ್ತು. "ಹಕ್ಕಿಗಳು ಕಲ್ಲುಗಡ್ಡೆಗೆ ಬಂದಿವೆ ಮೇಡಂ, ಕಾವಲಿನವರು ನೋಡಿದ್ದಾರೆ. ಕಾರ್ಯಕ್ರಮ ನಿಲ್ಲಲ್ಲ. ಇಪ್ಪತ್ತೆಂಟಕ್ಕೇ."

"ಕಲ್ಲುಗಡ್ಡೆ ಹತ್ರ ಲಾಂಚ್ ಹೋಗುತ್ತಾ?"

"ಅಲ್ಲಿ ನೀರು ಆಳ ಇಲ್ಲ. ಅದಕ್ಕೇ ಇನ್ನೊಂದೂವರೆ ಅಡಿ ಜಾಸ್ತಿ ಕೇಳಿದೀವಿ. ಆರೂವರೆ."

"ಗಡ್ಡೆಯ ನೆತ್ತಿ ಎಷ್ಟಡಿ ಅಂತ ಗೊತ್ತಾ ನಿಮಗೆ?"

"ಅಳತೆ ಎಲ್ಲ ನೀರಾವರಿಯವರ ವಿಷಯ," ಎಂದ ಅಧಿಕಾರಿ.

"ಹಕ್ಕಿ ಅವರ ವಿಷಯ," ಎಂದ ಇಂಜಿನಿಯರ್.

"ಆರಡಿ," ಎಂದಳು ಇನ್ಸ್‌ಪೆಕ್ಟರ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನೆಲ್ಲ ಮೀಟಿಂಗಿನಲ್ಲಿ ಕೂತು ನೋಡೋಣ ಎಂದು ಇಂಜಿನಿಯರ್ ಬ್ಯಾಗಿನಿಂದ ಒಂದು ಟೈಪ್ ಮಾಡಿದ ಹಾಳೆ ತೆಗೆದ. ಮಾರ್ಚ್ 3ರಂದು ಗ್ರೀಸು ಹ‌ಚ್ಚುವ ಸಲುವಾಗಿ ಗೇಟುಗಳನ್ನು ಕೊಂಚ ಎತ್ತಿದಾಗ ತಿರುಗಣೆಯ ಹಲ್ಲು ಸಿಕ್ಕಿಕೊಂಡು ಸಕಾಲದಲ್ಲಿ ಮುಚ್ಚಲಾಗಲಿಲ್ಲ. ಯಾರದೂ ದುರುದ್ದೇಶವಿಲ್ಲ. ಕೆಳಗೆ ಗೇಟಿನವನ ಸಹಿಗೆ ಜಾಗ.

"ಬಡಪಾಯಿ," ಎಂದ ಇಂಜಿನಿಯರ್. "ಹತ್ತೊಂಬತ್ತು ವರ್ಷ ಸರ್ವೀಸು. ಕೆಲಸ ಉಳಿಯಲಿ. ನೀವು ಬಿ ರಿಪೋರ್ಟ್ ಹಾಕಿಬಿಡಿ, ಅಪರಾಧ ನಡೆದಿಲ್ಲ ಅಂತ. ಆ ಮೂರು ಕಾಗದ ನಮ್ಮ ಕಚೇರಿದು, ವಾಪಸ್ ಕೊಟ್ಬಿಡಿ. ಮೇಲಿನವರ ಹತ್ರಾನೂ ಮಾತಾಡಿದೀವಿ."

ಅವರು ಹೋದ ಮೇಲೆ ರೈಟರ್ ಹಾಳೆಯನ್ನು ಬೆಳಕಿಗೆ ಹಿಡಿದ. ಒಂದು ಸಾಲಿನ ಮೇಲೆ ಬಿಳಿ ಬಣ್ಣ ಬಳಿದು ತಿದ್ದಿದ್ದರು. "ಮೊದಲು ಗೇಟು ಜಾರಿತು ಅಂತ ಟೈಪ್ ಮಾಡಿಸಿದ್ದಾರೆ ಮೇಡಂ. ಗೇಟು ಮೇಲಕ್ಕೆ ಜಾರಲ್ಲ ಅಂತ ಆಮೇಲೆ ಹೊಳೆದಿದೆ."

ಫೋನು ರಿಂಗಾಯಿತು. ಅವಳು ಎತ್ತಿ, ಎದ್ದು ನಿಂತು, ನಾಲ್ಕು ಸಲ 'ಸಾರ್' ಎಂದು ಇಟ್ಟಳು.

ಗೇಟಿನವನು ಬೆಂಚಿನ ಮೇಲಿದ್ದ. ಅಕ್ಕ ಪಕ್ಕದಲ್ಲಿ, ಮಡಿಲಲ್ಲಿ ಊಟದ ಡಬ್ಬಿ. ತೆರೆದಿರಲಿಲ್ಲ. ಇನ್ಸ್‌ಪೆಕ್ಟರ್ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಹಾಳೆಯನ್ನು ಮೊದಲಿನಿಂದ ಕೊನೆವರೆಗೆ ಓದಿ ಹೇಳಿದಳು. ಆರೂವರೆ ಅಡಿಯ ವಿಷಯವನ್ನೂ ಹೇಳಿದಳು. ಅದನ್ನು ಮುಚ್ಚಿಡಲು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಮರೆತಿದ್ದರು.

"ಆರೂವರೆ," ಎಂದ ಅವನು. "ಗಡ್ಡೆ ಮೇಲೆ ಅರ್ಧ ಅಡಿ."

"ಸೈನ್ ಹಾಕಿದ್ರೆ ಮಧ್ಯಾಹ್ನದ ಅಳತೆಗೆ ನೀವು ಮನೇಲಿರ್ತೀರಿ," ಎಂದಳು.

"ಹಾಕೋ," ಎಂದಳು ಅಕ್ಕ. ಅವಳ ಧ್ವನಿ ಒಡೆದಿತ್ತು. "ನನ್ನ ಬಾಯಿಂದಲೇ ನಿನ್ನ ಹಿಡಿಸಿಕೊಟ್ಟೆ. ಹಾಳಾದ ಬಾಯಿ. ಈ ಪಾಪ ಹೊತ್ಕೊಂಡು ನಾನು ಬದುಕಬೇಕಾ? ಹಾಕೋ ಮಾರಾಯ. ಕ್ವಾರ್ಟರ್ಸ್ ಬಿಡಿ ಅಂದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ?"

"ನಿಂದೇನು ತಪ್ಪಕ್ಕಾ. ಸೈರನ್ ಆಗಿದ್ದು ನಿಜ ತಾನೇ?"

"ನಿಜ ಕಟ್ಕೊಂಡು ಏನ್ ಮಾಡ್ತೀಯೋ! ಸೋರೋ ಮನೆನಾದ್ರೂ ಮನೆ ಕಣೋ ಅದು."

ಅವನು ಅವಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟ. ಇನ್ಸ್‌ಪೆಕ್ಟರ್ ಕಡೆ ತಿರುಗಿದ.

"ಬಿ ರಿಪೋರ್ಟ್ ಆದ್ರೆ ನನ್ನ ಕಾಗದಗಳು?"

"ಕಚೇರಿಗೆ ವಾಪಸ್."

"ಕಡತಕ್ಕೆ."

"ಹೌದು."

"ಕೇಸ್ ನಡೆದ್ರೆ?"

"ಕೋರ್ಟಿಗೆ. ಮೂರೂ. ಚಿತ್ರದ ಸಮೇತ."

"ಇವತ್ತೇ?"

"ಹನ್ನೊಂದಕ್ಕೆ."

"ಅವರು ಓದ್ತಾರಾ?"

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಹಾಳೆಯನ್ನು ಬೆಂಚಿನ ಮೇಲಿಟ್ಟಳು. ಹದಿನಾಲ್ಕು ವರ್ಷದಲ್ಲಿ ಅವಳು ಕೋರ್ಟಿಗೆ ಕೊಟ್ಟ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಡಿ ಆಗಬಹುದು? ಓದಿದವರು ಎಷ್ಟು?

"ಲಕೋಟೆ ಒಡೆದಿದೆ," ಎಂದಳು ಕೊನೆಗೆ. "ಅಷ್ಟು ಮಾತ್ರ ಹೇಳಬಲ್ಲೆ."

ರೈಟರ್ ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಮೇಲಿಟ್ಟು, ಎರಡನ್ನೂ ಬೆಂಚಿನ ಮೇಲೆ ಅವನತ್ತ ಸರಿಸಿದ. ಸಹಿ ಹಾಕಲಿ ಎಂದೇ ರೈಟರ್‌ಗೂ ಆಸೆಯಿತ್ತು.

ಗೇಟಿನವನು ಪೆನ್ನು ತೆಗೆದುಕೊಂಡ. ಮುಚ್ಚಳ ಹುಡುಕಿ ಹಾಕಿದ. ವಾಪಸು ರೈಟರ್‌ನ ಜೇಬಿಗೆ ಸಿಕ್ಕಿಸಿದ.

"ಇಲ್ಲ ಸಾರ್," ಎಂದ. "ನಾನು ಹಾಕಲ್ಲ."